ಬಚ್ಚಲ ನೀರಿಗೆ ಕಾಬಾಳೆಯ ಪಾತಿ

ಹಳ್ಳಿಯ ಮನೆಗಳ ಹಿತ್ತಿಲಿನಲ್ಲಿ ಬಚ್ಚಲ ನೀರು ಹರಿದುಹೋಗಲು ದಾರಿಯಿಲ್ಲದೆ ನಿಂತು ಕೊಳೆಯುವುದು ಅಪರೂಪವಲ್ಲ. ಆನೆಕಾಲು ರೋಗವನ್ನು ಹರಡುವ ಸೊಳ್ಳೆಯು ಇಂತಹ ಕೊಳಕು ನೀರಿನಲ್ಲಿಯೇ ಹೇರಳವಾಗಿ ವೃದ್ಧಿಹೊಂದುವುದು. ಈ ನೀರನ್ನು ಹೀರಿಕೊಂಡು, ಪ್ರತಿಯಾಗಿ ವರ್ಷದ ಬಹುಭಾಗ ಹೂವನ್ನು ಕೊಡತಕ್ಕ ಗಿಡಗಳಲ್ಲಿ ಕಾಬಾಳೆಯು ಶ್ರೇಷ್ಠವಾದುದು. ಪಟ್ಟಣಗಳ ಕೊಳಚೆ ನೀರನ್ನು ಜಲ್ಲಿಯ ಪಾತಿಗಳಲ್ಲಿ ಹಾಯಿಸಿ ತಿಳಿಗೊಳಿಸುವವರೂ ಅನೇಕ ಕಡೆ ಇದನ್ನೇ ನೆಡುತ್ತಾರೆ.

ಎಲೆಯು ಬಾಳೆಯನ್ನು ಹೋಲುವುದಾದರೂ ಇದು ಬಾಳೆಗೆ ದೂರದ ನೆಂಟನೇ ಹೊರತು ಅದೇ ಕುಲದ್ದಲ್ಲ. ಇದರ ತವರು ಅಮೆರಿಕಾ ಖಂಡ. ಗುಂಡಿನಂತೆ ಗಟ್ಟಿಯಾದ ಇದರ ಕರಿಯ ಬೀಜಗಳನ್ನು ಪೋಣಿಸಿ ಜಪಮಾಲೆಗಳನ್ನು ಮಾಡುವುದುಂಟು. ಫ್ರಾನ್ಸ್ ದೇಶದಲ್ಲಿ ಆನೆ ಎಂಬ ತೋಟಗಾರನು 1848ರಲ್ಲಿ ಮಿಶ್ರತಳಿಯೊಂದನ್ನು ಬೆಳೆಸಿದ ಮೇಲೆ, ದೊಡ್ಡ ಹೂವಿನ ಬಗೆಗಳು ಒಂದೊಂದಾಗಿ ಹೊರಟವು. ಇವುಗಳ ಬೀಜದಿಂದ ತಾಯಿಯಂತಹ ಗಿಡವೇ ಬರುವುದೆಂಬ ಭರವಸೆಯಿಲ್ಲ. ಆದಕಾರಣ ಗೆಡ್ಡೆಯನ್ನೇ ನೆಡತಕ್ಕದ್ದು.

ಪಾತಿಗೆ ದಿನದ ಹೆಚ್ಚು ಹೊತ್ತು ಬಿಸಿಲು ಬೀಳುವ ಸ್ಥಳ ಬೇಕು. ಕುಡಿಯುವ ನೀರಿನ ಬಾವಿಯಿಂದ 50 ಅಡಿಗಿಂತ ಹತ್ತಿರದಲ್ಲಿ ಮಾಡಕೂಡದು. ಪಾಯಿಖಾನೆಯ ನೀರನ್ನು ಇದಕ್ಕೆ ಬಿಡಲೇಕೂಡದು. ಮೊದಲಿಗೆ 12 ಅಡಿ ಉದ್ದ, 4 ಅಡಿ ಅಗಲದ ನೆಲವನ್ನು ಒಂದು ಮೊಳ ಆಳಕ್ಕೆ ಅಗೆದು, ಕಳಿತ ಕೊಟ್ಟಿಗೆ ಗೊಬ್ಬರವನ್ನೂ, ಜೇಡಿಮಣ್ಣಾದರೆ ಮರಳನ್ನೂ ಬೆರೆಸಬೇಕು. ನೀರು ಒಳಬರುವ ಬಾಯಿಯಲ್ಲಿ ಚಿಕ್ಕದೊಂದು ಗುಣಿ ತೋಡಿ ಕಲ್ಲು ತುಂಬಿದರೆ ಕೂದಲು, ಜಿಡ್ಡು, ಅನ್ನದಗುಳು ಅಲ್ಲಿಯೇ ತಂಗುವುವು. ಈ ಕಲ್ಲುಗಳನ್ನು ಆಗಾಗ್ಗೆ ತೆಗೆದು ತೊಳೆಯುವುದನ್ನು ಮರೆತರೆ ಪಾತಿಯು ಪುನಃ ಕೊಚ್ಚೆಯಾಗುವುದರಲ್ಲಿ ಸಂದೇಹವಿಲ್ಲ. ಸೊಳ್ಳೆಯ ಮೊಟ್ಟೆಯು ಒಡೆದು, ಮರಿಗೆ ರೆಕ್ಕೆ ಬರಲು ಸುಮಾರು ಒಂದು ವಾರ ಬೇಕು. ನೀರು ಒಂದು ದಿನದೊಳಗೆ ಇಂಗಿದರೆ ಅದಕ್ಕೆ ಅವಕಾಶವೇ ಇರದು. ಹಾಗೆ ಇಂಗದಿದ್ದಲ್ಲಿ ಪಾತಿಯ ಉದ್ದವನ್ನು ಹೆಚ್ಚಿಸಬೇಕು. ಒಗೆಯುವ ಸೋಡ ಬಹಳವಾಗಿ ಬೀಳುವ ಮನೆಗಳಲ್ಲಿ ನಡುನಡುವೆ ಒಳ್ಳೆಯ ನೀರನ್ನೂ ಹಾಯಿಸುವುದು ಮೇಲು.

ಮುಂಗಾರು ಹಿಡಿಯುವ ಕಾಲವು ನಾಟಿಗೆ ಪ್ರಶಸ್ತವಾದುದು. ಎರಡು ಮೂರು ಕಣ್ಣುಗಳುಳ್ಳ ಗೆಡ್ಡೆಯ ತುಂಡುಗಳನ್ನು ಒಂದೂವರೆ ಅಡಿ ಅಂತರದಲ್ಲಿ, ಮೂರು ಅಂಗುಲ ಆಳಕ್ಕೆ, ಕಣ್ಣು ಮೇಲಾಗಿರುವಂತೆ ಹೂಳಬೇಕು. ಬೇರೂರುವ ತನಕ ನೀರು ಮಿತವಾಗಿರಲಿ. ಎಳೆಯ ಗೆಡ್ಡೆಯು ಕೆಸರಿನಲ್ಲಿ ಕೊಳೆಯುವುದು.

ಗೆಡ್ಡೆಯನ್ನು ಆರಿಸುವಾಗ ಜಮೀನುದಾರರೂ ಗ್ರಾಮದ ಮುಖಂಡರೂ ಮಿಕ್ಕವರಿಗಿಂತ ಹೆಚ್ಚು ಜಾಗರೂಕರಾಗಿರಬೇಕು. ಏಕೆಂದರೆ ಅವರ ಹಿತ್ತಿಲಿನ ಗೆಡ್ಡೆಯೇ ಊರಿನ ಹತ್ತು ಮನೆಗಳಿಗೆ ಹೋಗುವುದು. ಕಾಬಾಳೆಗೆ ವೈರಸ್ಸಿನಿಂದ ಬರುವ ರೋಗಗಳುಂಟು. ಎಲೆಯ ನರಗಳ ಗುಂಟ ಹಳದಿ ಗೀರುಗಳು, ಅಡ್ಡಾದಿಡ್ಡಿ ಮಚ್ಚೆಗಳು, ಕುಗ್ಗಿದ ಗಿಡ, ಬಣ್ಣಗೆಟ್ಟ ಹೂ, ಇವು ಅದರ ಗುರುತುಗಳು. ರೋಗವು ಗೆಡ್ಡೆಯಲ್ಲಿಯೇ ನೆಲೆಸಿರುವುದರಿಂದ ತುಂಡು ಹೋದೆಡೆಯಲ್ಲೆಲ್ಲ ಅದೂ ಹೋಗುವುದು. ಕೆಲವು ಬಗೆಯನ್ನು ಸಸ್ಯದ ಹೇನುಗಳು ಗಿಡದಿಂದ ಗಿಡಕ್ಕೆ ಒಯ್ಯುವುವು. ಔಷಧಿ ಸಿಂಪಡಿಸಿ ಇದನ್ನು ವಾಸಿಮಾಡಲಾಗದು. ಬುಡಸಹಿತ ಕಿತ್ತು ಸುಡುವುದೊಂದೇ ಉಪಾಯ. ಹುಟ್ಟಿನಿಂದಲೇ ಪಟ್ಟೆಯೆಲೆಯ ತಳಿಗಳೂ ಇವೆ. ಅವುಗಳಲ್ಲಿ ಪಟ್ಟೆಗಳು ಎಲ್ಲ ಎಲೆಗಳಲ್ಲಿಯೂ ಒಂದೇ ಕ್ರಮದಲ್ಲಿದ್ದು, ಗಿಡವು ಪುಷ್ಟವಾಗಿರುವುದು. ಅವನ್ನು ರೋಗವೆಂದು ಭ್ರಮಿಸಬೇಕಾಗಿಲ್ಲ. ಹೇಗಾದರೂ, ಎಲೆಯಿಲ್ಲದ ಕಾಲದಲ್ಲಿ ಗೆಡ್ಡೆಯನ್ನು ತರದೆ, ಗಿಡವು ತುಂಬಿ ನಿಂತಿರುವಾಗ ಕಣ್ಣಾರೆ ನೋಡಿ ಗುರುತು ಮಾಡಿಬಂದು, ಆಮೇಲೆ ತರುವುದು ಕ್ಷೇಮ.

ಎಲೆಯನ್ನು ಸುರುಳಿಸುತ್ತಿ ಒಳಗೆ ಅಡಗುವ ಹುಳುವನ್ನು ಸುರುಳಿ ಬಿಡಿಸಿ ಕೈಯಿಂದಲೇ ತೆಗೆದು ಕೊಲ್ಲಬಹುದು. ಹೂಬಿಟ್ಟು ಮುಗಿದ ದಂಟನ್ನು ನೆಲಮಟ್ಟಕ್ಕೆ ಕೊಯ್ದು ಗೊಬ್ಬರದ ಗುಂಡಿಗೆ ಹಾಕಿದರೆ ಪಕ್ಕದ ಕಂದುಗಳು ಬೇಗನೆ ಮೇಲೇಳುವುವು. ಎರಡು ಮೂರು ವರ್ಷಗಳಲ್ಲಿ ಬುಡವು ಇಕ್ಕಟ್ಟಾಗಿ ಹೂ ಸಣ್ಣದಾಗುವುದು. ಆಗ ಮಳೆಗೆ ಮುಂಚೆ ಎಲ್ಲವನ್ನೂ ಅಗೆದು, ಹೊರವಲಯದ ಬಲಿತ ಗೆಡ್ಡೆಗಳನ್ನು ಮಾತ್ರ ಉಳಿಸಿಕೊಂಡು, ಹೊಸ ಗೊಬ್ಬರ ಹಾಕಿ ಪುನಃ ನೆಡತಕ್ಕದ್ದು. ನೆರೆಹೊರೆಯವರಿಗೆ ಗೆಡ್ಡೆಯನ್ನು ಹಂಚಲು ಇದೇ ಸಮಯ.