ಯಾವ ಕೆಲಸಕ್ಕೆ ಯಾವ ಟಾರ್ಚು?

೧೯೬೧ನೆಯ ಇಸವಿ ಜುಲೈ ೧೨ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪೇಟೆಗಳಿಗೆ ನುಗ್ಗಿದಾಗ ಪುಣೆಗೆ ವಿದ್ಯುತ್ತೂ ಇಲ್ಲವಾಯಿತು. ಅಂಥ ವಿಪತ್ತು ನಿತ್ಯವೂ ಬಾರದು. ಹೋಟೆಲಿನ ಉಗ್ರಾಣದಲ್ಲಿಯೂ ಕಚೇರಿಯ ದಫ್ತರಖಾನೆಯಲ್ಲಿಯೂ ಕತ್ತಲೆ ಮಾತ್ರ ನಿತ್ಯದ್ದೇ.

ಅಂಗಡಿಯವನು ಅತಿ ಪ್ರಖರವಾದ ಟಾರ್ಚನ್ನೇ ಮುಂದೆ ಹಿಡಿಯುವನು. ಅದಕ್ಕೆ ಮರುಳಾಗಬೇಕಾದುದಿಲ್ಲ. ಕಡತ ಓದುವ ಗುಮಾಸ್ತರಿಗೆ ಹರಡಿದ ಮಂದ ಬೆಳಕೇ ಹಿತ. ಪ್ರಖರ ಬೆಳಕು ಕಾಗದದಿಂದ ಪುಟಿದು ಕಣ್ಣು ಕುಕ್ಕುವುದು. ನೀರಿನ ಪಂಪು ಬಿಚ್ಚುವವರು ಹಣೆಗೆ ಕಟ್ಟುವ ದೀಪ ಕೊಳ್ಳಲಿ. ಎರಡು ಕೈಗಳೂ ಬಿಡುವಾಗುವವು.

ಮುಖ್ಯವಾದ ಮಾತು ಅಡಿಗೆಮನೆಯದು. ಅಡಿಗೆಯ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿಯೇ ತುಂಬಿ ನಿಲ್ಲುವುದು. ಬೆಳಗಿನ ಜಾವ ಒಲೆ ಹೊತ್ತಿಸಲು ಬಂದವನು ವಾಸನೆಯರಿತು, ಬೆಂಕಿಕಡ್ಡಿ ಬಿಟ್ಟು ಟಾರ್ಚು ಹಿಡಿದರೆ ಜಾಣನೆಂದೇ ತೋರುವುದು. ಆದರೆ ಸಾಧಾರಣ ಟಾರ್ಚಿನ ಗುಂಡಿಯಲ್ಲಿಯೂ ಕಿಡಿ ಹುಟ್ಟಬಹುದು! ಮೊಬೈಲಿನ ದೀಪವನ್ನೂ ನಂಬಲಾಗದು. ಆದುದರಿಂದ ಯಾವ ಸ್ವಿಚ್ಚನ್ನೂ ಮುಟ್ಟದೆ, ಕೈಗೆಟಕುವಂತಿದ್ದರೆ ಸಿಲಿಂಡರನ್ನು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕರೆತಂದು, ಹೊರಗಿನಿಂದಲೇ ೧೯೦೬ಕ್ಕೆ ದೂರವಾಣಿ ಮಾಡತಕ್ಕದ್ದು. ಇಂಥ ಎಡೆಗೆಂದೇ ತಯಾರಾದ, ಕಿಡಿ ಹೊರಬೀಳದ ಟಾರ್ಚುಗಳೂ ಉಂಟು. ಬೆಲೆ ಹೆಚ್ಚಾದರೂ ದೊಡ್ಡ ಹೋಟೆಲುಗಳ ಮಾಲಿಕರು ಒಂದನ್ನು ತರಿಸಿಡಲಿ.

ಸೆಲ್ಲುಗಳಲ್ಲಿ ಹಳೆಯದನ್ನೂ ಹೊಸದನ್ನೂ ಬೆರೆಸಬಾರದು. ತಿಂಗಳುಗಟ್ಟಲೆ ಬಳಸದ ಟಾರ್ಚಿನಿಂದ ಅವನ್ನು ತೆಗೆದಿಡಿರಿ; ಇಲ್ಲವಾದರೆ ರಸ ಸೋರಿ ಒಳಗೆಲ್ಲ ಕಿಲುಬು ಹಿಡಿಯುವುದು.