ಹಂದಿ ಸಾಯದಿದ್ದರೂ ನಷ್ಟ ನಷ್ಟವೇ

ಬದನವಾಳಿನ ನಮ್ಮ ಹಿತ್ತಲಲ್ಲಿ ಮೂರು ತಾಯಿ ಹಂದಿ, ಅವುಗಳ ಮರಿಗಳಿವೆ. ತೌಡು, ಮುಸುಕಿನ ಜೋಳದ ನುಚ್ಚು, ಹೋಟೆಲಿನ ಮುಸುರೆ ಇವುಗಳ ಆಹಾರ. 'ಕಾಯಿಲೆ ಬಂದಾಗ ನೋಡ್ಕೊಂಡ್ರಾಯ್ತು' ಅಂತಿದ್ದವ ನಾನು. ಆ ಮಾತಿಗೆ ತೆತ್ತದ್ದನ್ನು ರೂಪಾಯಿಯಲ್ಲಿ ಹೇಳುವುದಿಲ್ಲ. ದರ ಊರಿಂದೂರಿಗೆ ಬೇರೆ. ಕಿಲೋದಲ್ಲೇ ಹೇಳುತ್ತೇನೆ.

ಒಂದು ವರ್ಷ, ಮಾರಲು ಬೆಳೆಸುತ್ತಿದ್ದ ಹತ್ತು ಹಂದಿಗೆ ಕಜ್ಜಿ ಹತ್ತಿತು. ಗೋಡೆಗೆ ಮೈ ಉಜ್ಜುತ್ತಿದ್ದವು, ಒಂದೂ ಸಾಯಲಿಲ್ಲ. ತಿಂಗಳು ಸುಮ್ಮನಿದ್ದೆ. ಒಣ ಆಹಾರದ ಲೆಕ್ಕದಲ್ಲಿ ಒಂದೊಂದೂ ದಿನಕ್ಕೆ 2 ಕಿಲೋದಂತೆ 60 ಕಿಲೋ ತಿಂದಿತು. ನಮ್ಮಲ್ಲಿ 4 ಕಿಲೋ ಆಹಾರಕ್ಕೆ 1 ಕಿಲೋ ತೂಕ ಬರಬೇಕು, ಅಂದರೆ 15 ಕಿಲೋ. ಬಂದದ್ದು 9. ಹತ್ತು ಹಂದಿಯಿಂದ 60 ಕಿಲೋ ಖೋತಾ! ಮಾರಾಟಕ್ಕೆ ಬರುವ ಒಂದು ಹಂದಿಯೇ ಹೋದ ಹಾಗೆ. ವಾಸಿಯಾದದ್ದು ಹದಿನಾಲ್ಕು ದಿನ ಬಿಟ್ಟು ಕೊಡಿಸಿದ ಎರಡು ಐವರ್ಮೆಕ್ಟಿನ್ ಚುಚ್ಚುಮದ್ದಿನಿಂದ. ಮೊದಲ ವಾರವೇ ಕೊಡಿಸಿದ್ದರೂ ಮದ್ದಿನ ಖರ್ಚು ಅಷ್ಟೇ ಆಗುತ್ತಿತ್ತು.

ಎಲ್ಲ ಕಾಯಿಲೆಗೂ ಒಂದೇ ಲೆಕ್ಕವಲ್ಲ

ಕಜ್ಜಿ, ಜಂತುಹುಳುಗಳಿಗೆ ಮದ್ದಿದೆ. ಇಲ್ಲಿ ಬೇಗ ಕೊಡಿಸುವುದೇ ಉಳಿತಾಯ. ಮದ್ದಾದ ಮೇಲೆ ಎಷ್ಟು ದಿನ ಮಾಂಸಕ್ಕೆ ಮಾರಬಾರದೆಂದು ಡಾಕ್ಟರನ್ನು ಕೇಳಿ. ಸಿಮೆಂಟ್ ನೆಲದಲ್ಲಿ ಹುಟ್ಟಿದ ಮರಿಗೆ ಮೂರನೇ ದಿನ ಕಬ್ಬಿಣಾಂಶದ ಚುಚ್ಚುಮದ್ದು ಬೇಕು. ಇಲ್ಲವಾದರೆ ರಕ್ತ ಕಡಿಮೆಯಾಗಿ ಸೊರಗುತ್ತದೆ. ತಾಯಿಯನ್ನು 114 ದಿನ ಗಬ್ಬದಲ್ಲಿ ಸಾಕಿದ ಖರ್ಚೆಲ್ಲ ಆ ಮರಿಯ ಮೇಲಿದೆ.

ಹಂದಿ ಜ್ವರಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮರಿಗೆ ಎರಡು ತಿಂಗಳ ಸುಮಾರಿಗೆ, ಆಮೇಲೆ ವರ್ಷಕ್ಕೊಮ್ಮೆ.

ಆಫ್ರಿಕನ್ ಹಂದಿ ಜ್ವರ ಬೇರೆಯದೇ ಕಾಯಿಲೆ. ಅದಕ್ಕೆ ಮದ್ದೂ ಇಲ್ಲ, ನಮ್ಮಲ್ಲಿ ಲಸಿಕೆಯೂ ಇಲ್ಲ. 2020ರಲ್ಲಿ ಅಸ್ಸಾಂ ಕಡೆ ಕಾಣಿಸಿತು. 2022ರ ಜುಲೈನಲ್ಲಿ ವಯನಾಡಿನ ಮಾನಂದವಾಡಿಗೆ ಬಂತು. ನಮಗೆ ಗುಂಡ್ಲುಪೇಟೆ ದಾಟಿದರೆ ವಯನಾಡು. ಮನುಷ್ಯರಿಗೆ ತಗಲದು. ಆದರೆ ಕಾಣಿಸಿದ ಕಡೆ ಗಟ್ಟಿಮುಟ್ಟಾದ ಹಂದಿಯನ್ನೂ ಕೊಲ್ಲಿಸುತ್ತಾರೆ.

ಇದು ಹಸಿ ಮಾಂಸದ ಚೂರಿನಲ್ಲೂ ಬರಬಲ್ಲದು. ಹಾಗಾಗಿ ಮುಸುರೆಯನ್ನು ಕೈಯಾಡಿಸುತ್ತ ಅರ್ಧ ಗಂಟೆ ಕುದಿಸುತ್ತೇನೆ. ವ್ಯಾಪಾರಿಗಳನ್ನು ಗೂಡಿನೊಳಗೆ ಬಿಡುವುದಿಲ್ಲ, ಹಂದಿಯನ್ನು ಹೊರಗೆ ಹೊಡೆದು ತೋರಿಸುತ್ತೇನೆ. ಹೊಸ ಹಂದಿ ತಂದರೆ ತಿಂಗಳು ಬೇರೆ ಕಟ್ಟುತ್ತೇನೆ. ಒಮ್ಮೆಲೇ ಎರಡು ಮೂರು ಸತ್ತರೆ ಮಾರಬೇಡಿ, ಹಳ್ಳಕ್ಕೆ ಎಸೆಯಬೇಡಿ. ಪಶು ಆಸ್ಪತ್ರೆಗೆ ತಿಳಿಸಿ.

ಸೌದೆ, ಸುಣ್ಣ, ಲಸಿಕೆ ನನಗೀಗ ತೌಡಿನ ಹಾಗೆ ಕಾಯಂ ಖರ್ಚು. ಲಾಭ ನೋಡುವುದು ಅವನ್ನು ಕಳೆದ ಮೇಲೆಯೇ.