ನಿಮಗಿದು ಗೊತ್ತೇ? ಹಳೆ ಕಾರು, ಕೆಟ್ಟ ಹೊಗೆ

ಸಿರಸಂಗಿ, ಸವದತ್ತಿ ಕಡೆಯ ಹಳೆ ಪೆಟ್ರೋಲ್ ಕಾರು ಹೊಗೆ ತಪಾಸಣೆಯಲ್ಲಿ ಫೇಲಾದರೆ ಮೊದಲು ಬಿಚ್ಚಬೇಕಾದದ್ದು ಏರ್ ಫಿಲ್ಟರ್. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎರೆಮಣ್ಣಿನ ಧೂಳು ಫಿಲ್ಟರಿಗೆ ಮೆತ್ತಿಕೊಂಡರೆ ಕಾರ್ಬೊರೇಟರ್ ಗಾಡಿಗೆ ಅಷ್ಟು ಗಾಳಿ ಸಿಗದು. ಕಾರ್ಬನ್ ಮಾನಾಕ್ಸೈಡ್ ಏರುತ್ತದೆ.

ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ. ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಸಿಲಿಂಡರಿಗೆ ಇಳಿಯುತ್ತಿರಬಹುದು, ಗಾಡಿ ಓಡಿಸಲೇಬೇಡಿ.

ಹೊಗೆ ಮಾನದಂಡವಾದ ಭಾರತ್ ಸ್ಟೇಜ್ 2ಕ್ಕೂ ಹಿಂದಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 3. ಸ್ಟೇಜ್ 2 ಮತ್ತು 3ಕ್ಕೆ ಶೇ 0.5, ಸ್ಟೇಜ್ 4ಕ್ಕೆ ಬರೀ ಶೇ 0.3.

ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದದ್ದು 1995ರಲ್ಲಿ, ಅದೂ ನಾಲ್ಕು ಮಹಾನಗರಗಳಲ್ಲಿ ಮಾತ್ರ. ಪೆಟ್ರೋಲಿಗೆ ಬೆರೆಸಿದ ಸೀಸ ಅದರ ಪ್ಲಾಟಿನಂ ಲೇಪವನ್ನು ಕೆಡಿಸುತ್ತದೆ. ಸೀಸರಹಿತ ಪೆಟ್ರೋಲ್ ದೇಶದ ಎಲ್ಲ ಬಂಕ್‌ಗಳಿಗೆ ಬಂದದ್ದು 2000ದಲ್ಲಿ. ಸುಮಾರು 250–300 ಡಿಗ್ರಿ ಸೆಲ್ಸಿಯಸ್‌ಗೆ ಕಾಯದೆ ಈ ಕನ್ವರ್ಟರ್ ಸರಿಯಾಗಿ ಕೆಲಸ ಮಾಡದು. ತಣ್ಣಗಿನ ಗಾಡಿಯನ್ನು ತಪಾಸಣೆಗೆ ಒಡ್ಡಿದರೆ ಒಳ್ಳೆಯ ಕಾರೂ ಫೇಲಾದೀತು.

ನಮ್ಮ ಕಡೆಯವರು ತಪ್ಪದೆ ನೆನಪಿಡಬೇಕಾದ ಸಂಗತಿ ಇದು. ಪ್ಲಗ್ ಕೆಟ್ಟು ಎಂಜಿನ್ ಮಿಸ್ಸಿಂಗ್ ಹೊಡೆದರೆ ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿಯುತ್ತದೆ. ಕನ್ವರ್ಟರ್ ಕೆಂಡದಂತೆ ಕಾಯುತ್ತದೆ, ಒಳಗಿನ ಜೇನುಗೂಡಿನಂಥ ಜಾಲರಿ ಕರಗಿ ಹೊಗೆಯ ದಾರಿಯನ್ನೇ ಕಟ್ಟಿಹಾಕುತ್ತದೆ. ಸುಗ್ಗಿಯಲ್ಲಿ ರಾಶಿ ಮಾಡಲು ರಸ್ತೆಗೆ ಹರವಿದ ಕಡಲೆ, ಹುರುಳಿಯ ಒಣ ಗಿಡದ ಮೇಲೆ ಅಂಥ ಕಾರು ಹಾಯ್ದರೆ ಅಡಿಯಲ್ಲಿ ಸಿಕ್ಕ ಹೊಟ್ಟಿಗೆ ಬೆಂಕಿ ಹತ್ತಬಹುದು. ಹಾಗೆ ದಾಟಲೇಬೇಕಾಗಿ ಬಂದರೆ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಬಗ್ಗಿ ನೋಡಿ. ಹೊಸ ಕನ್ವರ್ಟರಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಪ್ಲಗ್ ಬದಲಿಸಿ. ಇದನ್ನು ಮೆಕ್ಯಾನಿಕ್‌ಗೂ ಒತ್ತಿ ಹೇಳಿ.

ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಸೆನ್ಸರ್‌ಗಿಂತ ಮೊದಲು, ಎಂಜಿನ್ ಕಡೆಗೆ, ಸೈಲೆನ್ಸರ್ ಪೈಪಿನಲ್ಲಿ ಸಣ್ಣ ತೂತಿದ್ದರೂ ಸಾಕು. ಹೊರಗಿನ ಗಾಳಿ ಒಳಸೇರಿ, ಪೆಟ್ರೋಲ್ ಸಾಲದೆಂದು ಸೆನ್ಸರ್ ತಪ್ಪು ಸುದ್ದಿ ಕೊಡುತ್ತದೆ. ಎಂಜಿನ್ ಇನ್ನಷ್ಟು ಕುಡಿಯುತ್ತದೆ.

ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲಿ, 2023ರ ಫೆಬ್ರುವರಿ 6ರಂದು. ಎಥೆನಾಲ್‌ನಲ್ಲಿಯೇ ಆಕ್ಸಿಜನ್ ಇರುವುದರಿಂದ ಕಾರ್ಬನ್ ಮಾನಾಕ್ಸೈಡ್ ತಗ್ಗುತ್ತದೆ, ನಿಜ. ಆದರೆ ಹಳೆ ಕಾರಿನ ರಬ್ಬರ್ ಪೈಪು, ವಾಷರುಗಳು ಅದಕ್ಕೆ ತಾಳುವಂತೆ ಮಾಡಿದವಲ್ಲ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಅವನ್ನು ಅಂದೇ ಬದಲಿಸಿ.